ಸೊಟ್ಟಗಾದರೂ ಬೀಳದ ಮನೆ

ಇಂಗ್ಲೆಂಡಿನ ಚೆಷೈರ್‌ನಲ್ಲಿ ಲಿಟಲ್ ಮೋರ್ಟನ್ ಹಾಲ್ ಅಂತ ಒಂದು ಮನೆ ಇದೆ. ಅದರ ಫೋಟೋ ತೋರಿಸಿದರೆ ಮೊದಲು ಬರುವ ಪ್ರಶ್ನೆ, "ಇದು ಇನ್ನೂ ಬಿದ್ದಿಲ್ವಾ ಸಾರ್?" ಸುತ್ತ ಕಂದಕ, ನಡುವೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಜಗ್ಗಿದ, ಓಕ್ ಮರದ ಚೌಕಟ್ಟಿನ ಮನೆ. ಸುಮಾರು 1504ರಲ್ಲಿ ಶುರುವಾದ ಕೆಲಸ ಹಂತಹಂತವಾಗಿ ನೂರು ವರ್ಷ ನಡೆಯಿತು. ಮೇಲ್ತುದಿಯಲ್ಲಿ 68 ಅಡಿ ಉದ್ದದ ಪಡಸಾಲೆ. ಅದರ ಮಾಡಿಗೆ ಕಲ್ಲಿನ ಚಪ್ಪಡಿ ಹೊದಿಸಿದರು. ಆ ಭಾರಕ್ಕೇ ಕೆಳಗಿನ ಚೌಕಟ್ಟು ಬಾಗಿದ್ದು.

ಬಾಗಿತು, ಮುರಿಯಲಿಲ್ಲ. ಕಾರಣ ಕೀಲಿನಲ್ಲಿದೆ. ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೊಯ್ಯುತ್ತಿದ್ದರು. ಒಣಗಿದ ಓಕ್ ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ತೂತಿಗೆ ತೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುತ್ತಿದ್ದರು. ಇಲ್ಲೊಂದು ಜಾಣತನ ಇದೆ. ನಾಲಗೆಯಲ್ಲಿ ಗೂಟಕ್ಕೆ ಕೊರೆಯುವ ತೂತು ಬೇಕೆಂದೇ ನಾಲಗೆಯ ಬುಡದ ಕಡೆಗೆ ಸ್ವಲ್ಪ ಸರಿದಿರುತ್ತದೆ. ಗೂಟ ಹೊಡೆದಷ್ಟೂ ಕೀಲು ತಾನೇ ಬಿಗಿಯಾಗುತ್ತದೆ. ಬಿಗಿ ಇದ್ದರೂ ಭಾರ ಬಂದಾಗ ಕೀಲು ಸ್ವಲ್ಪ ಜರುಗಿ ಹೊಸ ಜಾಗದಲ್ಲಿ ಕೂರಬಲ್ಲದು.

ಹಳೆಯ ಓಕ್ ಮನೆಗಳ ತೊಲೆಗಳನ್ನು ಹತ್ತಿರದಿಂದ ನೋಡಿ. ಅಲ್ಲಲ್ಲಿ ರೋಮನ್ ಅಂಕಿಗಳು ಗೀಚಿರುತ್ತವೆ. ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಮತ್ತೆ ನಿಲ್ಲಿಸುವಾಗ ಯಾವುದಕ್ಕೆ ಯಾವುದು ಅಂತ ಗೊತ್ತಾಗಬೇಕಲ್ವಾ? ಮೋರ್ಟನ್‌ನಲ್ಲಿ ಒಬ್ಬ ಬಡಗಿ ಅಂಕಿಗೆ ನಿಲ್ಲಲಿಲ್ಲ. 1559ರ ಕಿಟಕಿಗಳ ಮೇಲೆ ರಿಚರ್ಡ್ ಡೇಲ್ ಅಂತ ತನ್ನ ಹೆಸರನ್ನೇ ಕೆತ್ತಿದ್ದಾನೆ.

ಇನ್ನು ಇಂಥ ಮನೆಗಳ ಕಪ್ಪು ತೊಲೆ, ಬಿಳಿ ಗೋಡೆಯ ಬಣ್ಣ. ಎಲ್ಲರೂ ಮೆಚ್ಚುವುದು ಅದನ್ನೇ, ಆದರೆ ಅದು ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದ, ವಿಕ್ಟೋರಿಯಾ ರಾಣಿಯ ಕಾಲದ ರುಚಿ. ಮೊದಲಿಗೆ ಓಕ್ ಸುಮ್ನೆ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು.

ಇಂಥ ಮನೆಗಳಿಗೆ ಸೊಟ್ಟತನಕ್ಕಿಂತ ಜಾಸ್ತಿ ಅಪಾಯ ಸಿಮೆಂಟಿನದು. ತೊಲೆಗಳ ನಡುವಿನ ಗೋಡೆ ಅಂದರೆ ಕಡ್ಡಿಯ ತಡಿಕೆಗೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು, ಮೇಲೆ ಸುಣ್ಣ. ಮಳೆನೀರು ಒಳಗೆ ಹೋದರೂ ಹಾಗೇ ಆರಿಹೋಗುತ್ತದೆ. ಇಪ್ಪತ್ತನೇ ಶತಮಾನದಲ್ಲಿ ರಿಪೇರಿ ಹೆಸರಲ್ಲಿ ಎಷ್ಟೋ ಮನೆಗಳಿಗೆ ಸಿಮೆಂಟ್ ಬಳಿದರು. ಮರ ಅಲುಗುತ್ತದೆ, ಸಿಮೆಂಟ್ ಅಲುಗದು. ಎರಡರ ನಡುವೆ ಬಿರುಕು ಬಿಡುತ್ತದೆ, ನೀರು ಇಳಿಯುತ್ತದೆ, ಆರಲು ದಾರಿ ಇರುವುದಿಲ್ಲ. ಹೊರಗಿನಿಂದ ಎಲ್ಲ ನೆಟ್ಟಗೇ ಕಾಣುತ್ತದೆ. ಸಿಮೆಂಟ್ ಕೆರೆದು ನೋಡಿದರೆ ಹಿಂದಿನ ಓಕ್‌ಗೆ ಬೆರಳು ಒತ್ತಿದರೂ ಸಾಕು, ಒಳಗೆ ಹೋಗುತ್ತದೆ.