ಇಬ್ಬರಿಗೂ ಅದೇ ಗಂಟಲು ನೋವು, ಒಬ್ಬಳಿಗೆ ಮಾತ್ರ ವಾಲ್ವ್ ತೊಂದರೆ ಏಕೆ?

ಪ್ರಶ್ನೆ: ನನ್ನ ಇಬ್ಬರು ಮಕ್ಕಳಿಗೂ ಆಗಾಗ ಗಂಟಲು ನೋವು, ಜ್ವರ ಬರುತ್ತಿತ್ತು. ದೊಡ್ಡವನಿಗೆ ಏನೂ ಆಗಲಿಲ್ಲ. ಚಿಕ್ಕವಳಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ವಾಲ್ವ್ ಹಾಳಾಗಿದೆ. ಇದು ನಮ್ಮಿಂದಲೇ ಬಂದಿದ್ದಾ?

ಉತ್ತರ: ಕಾಯಿಲೆ ನಿಮ್ಮಿಂದ ಬಂದಿಲ್ಲ. ಅದಕ್ಕೆ ಬೇಗ ಸಿಕ್ಕಿಬೀಳುವ ಗುಣ ಸ್ವಲ್ಪ ಬಂದಿರಬಹುದು. ಇವೆರಡೂ ಬೇರೆ ಬೇರೆ.

ಗಂಟಲಿಗೆ ಬರುವ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾದ ಮೈಮೇಲೆ ಎಂ ಪ್ರೋಟೀನ್ ಇರುತ್ತದೆ. ಅದರ ಕೆಲವು ಭಾಗ ನಮ್ಮ ಹೃದಯದ ಮಯೋಸಿನ್ ಪ್ರೋಟೀನಿನ ಥರ ಕಾಣುತ್ತದೆ. ಹಾಗಾಗಿ ಕಳ್ಳನನ್ನು ಹಿಡಿಯಲು ಹೊರಟ ಆಂಟಿಬಾಡಿ, ಅಂದರೆ ರೋಗಾಣುವಿನ ವಿರುದ್ಧ ಮೈ ತಯಾರಿಸುವ ಪ್ರೋಟೀನ್, ಮನೆಯವರ ಮೇಲೇ ಕೈ ಮಾಡುತ್ತದೆ. ಗಂಟಲು ನೋವು ಹೋಗಿ ಎರಡು ಮೂರು ವಾರಕ್ಕೆ ಕೀಲುಗಳು ಊದುತ್ತವೆ. ಇವತ್ತು ಮಂಡಿ, ನಾಳೆ ಮೊಣಕೈ. ಕೀಲು ನೋವು ಹೋಗುತ್ತದೆ, ವಾಲ್ವಿನ ಮೇಲಿನ ಗಾಯದ ಕಲೆ ಉಳಿಯಬಹುದು.

ಹಾಗಾದರೆ ಎಲ್ಲರಿಗೂ ಏಕೆ ಆಗಲ್ಲ? ಆಂಟಿಬಾಡಿ ಅಪ್ಪ ಅಮ್ಮನಿಂದ ರೆಡಿಯಾಗಿ ಬರುವುದಿಲ್ಲ. ಬರುವುದು ಮಸಾಲೆ ಡಬ್ಬಿ ಮಾತ್ರ, ಪುಡಿ ಮಾಡಿಕೊಳ್ಳುವುದು ನಮ್ಮ ಮೈ. 14ನೇ ಕ್ರೋಮೋಸೋಮಿನಲ್ಲಿ ಆಂಟಿಬಾಡಿ ಕಟ್ಟಲು ಬೇಕಾದ ಮೂರು ಬಗೆಯ ಜೀನ್ ತುಂಡುಗಳಿವೆ: ಸುಮಾರು 40 ವಿ, 20ಕ್ಕೂ ಜಾಸ್ತಿ ಡಿ, 6 ಜೆ. ಆಂಟಿಬಾಡಿ ತಯಾರಿಸುವ ರಕ್ತಕೋಶಕ್ಕೆ ಬಿ ಕೋಶ ಅನ್ನುತ್ತಾರೆ. ಪ್ರತಿ ಬಿ ಕೋಶವೂ ಪ್ರತಿ ಬಗೆಯಲ್ಲಿ ಒಂದೊಂದನ್ನು ಆರಿಸಿ, ಕತ್ತರಿಸಿ, ಜೋಡಿಸುತ್ತದೆ. ಆಂಟಿಬಾಡಿ ಜೀನ್‌ಗಳು ಹೀಗೆ ಅದಲುಬದಲಾಗುತ್ತವೆ ಎಂದು ತೋರಿಸಿದ ಜಪಾನಿನ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಯಾವ ತುಂಡು ಯಾವುದಕ್ಕೆ ಕೂಡುತ್ತದೆ ಅನ್ನೋದು ಹೆಚ್ಚಾಗಿ ಅದೃಷ್ಟದಾಟ. ಆದರೆ ಡಬ್ಬಿಯೊಳಗೆ ಏನಿದೆ ಅನ್ನೋದು ವಂಶದ್ದು. ಕೆಲವರಲ್ಲಿ ಒಂದು ತುಂಡೇ ಇರಲ್ಲ, ಕೆಲವರಲ್ಲಿ ಎರಡೆರಡು ಇರುತ್ತವೆ, ಕೆಲವರಲ್ಲಿ ಡಿಎನ್‌ಎಯ ಒಂದೆರಡು ಅಕ್ಷರ ಬೇರೆ.

2017ರಲ್ಲಿ ಪೆಸಿಫಿಕ್ ದ್ವೀಪಗಳ ಸುಮಾರು 2,850 ಜನರ ಡಿಎನ್‌ಎ ನೋಡಿದಾಗ ಇಂಥದ್ದೇ ಒಂದು ನಂಟು ಕಂಡಿತು. ಐಜಿಎಚ್‌ವಿ4-61 ಎಂಬ ವಿ ತುಂಡಿನ ಒಂದು ರೂಪದ ಒಂದೊಂದು ಪ್ರತಿಗೂ (ಕಾಪಿಗೂ) ರುಮ್ಯಾಟಿಕ್ ಹೃದಯ ರೋಗದ, ಅಂದರೆ ಈ ಜ್ವರದಿಂದ ವಾಲ್ವ್ ಹಾಳಾಗುವ, ಸಾಧ್ಯತೆ ಸುಮಾರು 1.4 ಪಟ್ಟು ಹೆಚ್ಚಿತ್ತು. ಲೆಕ್ಕ ಹಾಕಿ ನೋಡಿ: ಸಾವಿರದಲ್ಲಿ 10 ಜನರಿಗೆ ಬರುವ ಕಾಯಿಲೆ 14 ಜನರಿಗೆ ಬಂದ ಹಾಗೆ. ಮಿಕ್ಕ 986 ಜನ ಆರಾಮಾಗಿರುತ್ತಾರೆ. ತಾಯಿಯಲ್ಲಿ ಇದರ ಒಂದೇ ಪ್ರತಿ ಇದ್ದರೆ ಪ್ರತಿ ಮಗುವಿಗೂ ಅದು ಬರುತ್ತೋ ಇಲ್ಲವೋ ಅನ್ನೋದು ನಾಣ್ಯ ಚಿಮ್ಮಿದಂತೆ. ಒಂದೇ ಹೊಟ್ಟೆಯ ಮಕ್ಕಳೂ ಬೇರೆ ಬೇರೆ ಡಬ್ಬಿ ಹಿಡಿದು ಹುಟ್ಟುತ್ತಾರೆ, ಅಲ್ವಾ?

ಈ ನಂಟು ಇಷ್ಟು ತಡವಾಗಿ ಯಾಕೆ ಗೊತ್ತಾಯ್ತು ಅಂದರೆ, ಈ ತುಂಡುಗಳು ಅವಳಿ ಜವಳಿ ಥರ. ಡಿಎನ್‌ಎ ಓದುವ ಯಂತ್ರಕ್ಕೇ ಗೊಂದಲ. ಸಾಲದ್ದಕ್ಕೆ, ಬಿ ಕೋಶದಿಂದ ಡಿಎನ್‌ಎ ತೆಗೆದರೆ ಆ ಜಾಗ ಆಗಲೇ ಕತ್ತರಿಸಿಹೋಗಿರುತ್ತದೆ!

ನಮ್ಮದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲು ಮೈಗೆ ನೆರವಾಗುವ ಎಚ್‌ಎಲ್‌ಎ ಜೀನ್‌ಗಳ ಪಾಲೂ ಇದೆ. ಆದರೆ ಜೀನ್ ಒಂದೇ ಎಲ್ಲವನ್ನೂ ತೀರ್ಮಾನಿಸಲ್ಲ ಅನ್ನೋದಕ್ಕೆ ನನ್ನ ಕಣ್ಣಿಗೆ ದೊಡ್ಡ ಸಾಕ್ಷಿ ಬೇರೆಯೇ. ಯುರೋಪಿನಲ್ಲಿ ಪೆನಿಸಿಲಿನ್ ಬರುವ ಮೊದಲೇ ಈ ಜ್ವರ ಇಳಿಯತೊಡಗಿತ್ತು. ಜೀನ್ ಬದಲಾಗಿರಲಿಲ್ಲ, ಮನೆಗಳು ಬದಲಾಗಿದ್ದವು. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವುದು ಕಡಿಮೆಯಾಗಿತ್ತು.

ಸುಮ್ನೆ ಜೀನ್ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಮಗಳಿಗೆ ಡಾಕ್ಟರು ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹೇಳಿದ್ದರೆ ಒಂದೂ ತಪ್ಪಿಸಬೇಡಿ, ಅವಳು ಚೆನ್ನಾಗಿ ಕಂಡರೂ. ಮಗನಿಗೆ ಮತ್ತೆ ಜ್ವರದ ಜೊತೆ ಗಂಟಲು ನೋವು ಬಂದರೆ ಉಪ್ಪುನೀರಲ್ಲೇ ದಿನ ತಳ್ಳದೆ ಡಾಕ್ಟರಿಗೆ ತೋರಿಸಿ. ಅದು ಸ್ಟ್ರೆಪ್ಟೋಕಾಕಸ್ಸೇ ಆಗಿದ್ದರೆ, ನೋವು ಶುರುವಾಗಿ 9 ದಿನದೊಳಗೆ ಪೆನಿಸಿಲಿನ್ ಕೊಟ್ಟರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು.