ಕ್ಯಾಂಪ್‌ಗ್ರೌಂಡಿನ ಬಾವಿಗೆ ಯಾರು ಹೊಣೆ?

ಏಪ್ರಿಲ್ ಕೊನೆ ಬಂತೆಂದರೆ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಐಸ್ ಡಬ್ಬಿ ಕಾಯಂ. ಅದರೊಳಗೆ ನೀರಿನ ಸ್ಯಾಂಪಲ್ ತುಂಬುವ 100 ಮಿಲಿಲೀಟರಿನ ಪುಟ್ಟ ಬಾಟಲಿಗಳು. ನಾನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಒಂದು ಕೌಂಟಿಯ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ಆರೋಗ್ಯ ಇಲಾಖೆಯಲ್ಲಿ ಪರಿಸರ ಆರೋಗ್ಯ ಇನ್‌ಸ್ಪೆಕ್ಟರ್. ಚಳಿಗೆ ಪೈಪು ಒಡೆಯದಿರಲೆಂದು ನೀರೆಲ್ಲ ಬಸಿದು ಮುಚ್ಚಿದ್ದ, ಜನ ಟೆಂಟು ಹಾಕಿ ತಂಗುವ ಕ್ಯಾಂಪ್‌ಗ್ರೌಂಡುಗಳು ಈಗ ಬಾಗಿಲು ತೆರೆಯುತ್ತವೆ. ತಿಂಗಳುಗಟ್ಟಲೆ ಖಾಲಿ ಬಿದ್ದ ಪೈಪಿನೊಳಗೆ ಏನು ಹೊಕ್ಕಿದೆಯೋ ಯಾರಿಗೆ ಗೊತ್ತು? ಕ್ಲೋರಿನ್ ಹಾಕಿ, ತೊಳೆದು, ಸ್ಯಾಂಪಲ್ ಸರಿ ಬಂದ ಮೇಲೆಯೇ ಜನರಿಗೆ ಆ ನೀರು ಕೊಡಬೇಕು. ಇಂಥ ಸೀಸನ್ ಜಾಗಗಳಿಗೆ 2016ರಿಂದ ಇಡೀ ದೇಶದಲ್ಲಿ ಈ ನಿಯಮವಿದೆ.

ಕನ್ನಡ ಕೂಟದಲ್ಲಿ ಸಿಕ್ಕ ಗೆಳೆಯರೊಬ್ಬರು ಕೇಳಿದರು: "ಕಾನೂನು ದೇಶದ್ದು, ಲೈಸೆನ್ಸ್ ರಾಜ್ಯದ್ದು, ನೀವು ನೋಡಿದ್ರೆ ಕೌಂಟಿಯವರು. ಕೊನೆಗೆ ಹೊಣೆ ಯಾರದು ಸಾರ್?" ಪ್ರಶ್ನೆ ಸರಿಯಾದದ್ದೇ. ಇಲ್ಲಿಯೇ ಇಪ್ಪತ್ತು ವರ್ಷ ಇರುವವರಿಗೂ ಇದು ಗೊತ್ತಿರುವುದಿಲ್ಲ.

ಕುಡಿಯುವ ನೀರಿಗೆ ದೇಶದ ಕಾನೂನು ಬಂದದ್ದು 1974ರಲ್ಲಿ. ಅದನ್ನು ಜಾರಿ ಮಾಡುವ ಅಧಿಕಾರವನ್ನು ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ರಾಜ್ಯಗಳಿಗೆ ಬಿಟ್ಟುಕೊಡುತ್ತದೆ. ಮಿಷಿಗನ್ 1976ರಲ್ಲಿ ತನ್ನದೇ ಕಾನೂನು ಮಾಡಿಕೊಂಡಿತು. ಇಂದು ಅದನ್ನು ನೋಡಿಕೊಳ್ಳುವುದು ರಾಜ್ಯದ ಪರಿಸರ ಇಲಾಖೆ. ಎಲ್ಲರೂ ಅದನ್ನು 'ಈಗಲ್' ಎಂದೇ ಕರೆಯುತ್ತಾರೆ. ಈ ಈಗಲ್ ಪ್ರತಿ ವರ್ಷ ಸ್ಥಳೀಯ ಆರೋಗ್ಯ ಇಲಾಖೆಗಳ ಜೊತೆ ಕರಾರು ಮಾಡಿಕೊಂಡು ಕೆಲಸ ವಹಿಸುತ್ತದೆ. ರಾಜ್ಯದ ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಶುರು. ರಾಜ್ಯದಲ್ಲಿ 83 ಕೌಂಟಿಗಳಿದ್ದರೂ ಆರೋಗ್ಯ ಇಲಾಖೆಗಳು 45 ಮಾತ್ರ. ಉತ್ತರದ ಕಡೆ ಜನ ಕಡಿಮೆ, ಹಾಗಾಗಿ ಹಲವು ಕೌಂಟಿಗಳು ಒಂದಾಗಿವೆ. ಹತ್ತನೇ ನಂಬರಿನ ಜಿಲ್ಲಾ ಆರೋಗ್ಯ ಇಲಾಖೆ ಒಂದೇ 10 ಕೌಂಟಿಗಳನ್ನು ನೋಡಿಕೊಳ್ಳುತ್ತದೆ.

ರಾಜ್ಯ ತಾನೇ ಯಾಕೆ ಮಾಡಬಾರದು? ಬಾವಿಗಳ ಸಂಖ್ಯೆ ನೋಡಿ. ಊರಿನ ನಲ್ಲಿ ನೀರು ಮುಟ್ಟದ ಕಡೆ ಶಾಲೆ, ಚರ್ಚು, ಹೋಟೆಲು, ಫ್ಯಾಕ್ಟರಿ ಎಲ್ಲವೂ ಸ್ವಂತ ಬೋರ್‌ವೆಲ್ ನಂಬಿವೆ. ವರ್ಷಕ್ಕೆ 60 ದಿನವಾದರೂ 25 ಜನ ಆ ನೀರು ಕುಡಿದರೆ ಅದು ಸಾರ್ವಜನಿಕ ನೀರು ಎಂಬುದು ಕಾನೂನಿನ ಲೆಕ್ಕ. ಇಂಥವು ಮಿಷಿಗನ್‌ನಲ್ಲಿ 10,000ದ ಹತ್ತಿರ ಇವೆ. ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಕುಳಿತು ಇಷ್ಟನ್ನು ನೋಡಲು ಆಗುವುದಿಲ್ಲ. ಹೊಸ ಬಾವಿಯ ಪರವಾನಗಿ, ಈಜುಕೊಳ, ಕ್ಯಾಂಪ್‌ಗ್ರೌಂಡ್, ಸೆಪ್ಟಿಕ್ ಟ್ಯಾಂಕಿನ ಮಲಿನ ಸಾಗಿಸುವ ಲಾರಿ, ಇವೆಲ್ಲ ನಮ್ಮ ಕೈಗೆ ಬರುವುದೂ ಹೀಗೆಯೇ.

ದುಡ್ಡಿನ ವಿಷಯಕ್ಕೆ ಬರೋಣ. ಕೆಲವು ಕೆಲಸಕ್ಕೆ ಒಂದು ತಪಾಸಣೆಗೆ ಇಷ್ಟು ಎಂದು ಕೊಡುತ್ತಾರೆ. ಕೆಲವಕ್ಕೆ ವರ್ಷಕ್ಕೆ ಇಂತಿಷ್ಟು. ಉಳಿದದ್ದನ್ನು ಕೌಂಟಿ ತುಂಬಿಕೊಳ್ಳಬೇಕು. ಕೆಲವು ವರ್ಷಕ್ಕೊಮ್ಮೆ ರಾಜ್ಯದವರು ಬಂದು ನಮ್ಮ ಫೈಲು ತೆಗೆದು ಪರಿಶೀಲಿಸುತ್ತಾರೆ. ತಪಾಸಣೆ ಆಗಿದೆಯಾ, ಪತ್ರ ಹೋಗಿದೆಯಾ, ತಾರೀಖು ಸರಿ ಇದೆಯಾ. ಇದು ಬೇಕು, ನನಗೆ ತಕರಾರಿಲ್ಲ. ಆದರೆ ನೀರು ಶುದ್ಧವಾಗುವ ಕೆಲಸದ ಮುಕ್ಕಾಲು ಪಾಲು ಆ ಫೈಲಿನಲ್ಲಿ ಕಾಣುವುದೇ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಕೆರೆ ದಂಡೆಯ ಪುಟ್ಟ ಹೋಟೆಲು. ವಯಸ್ಸಾದ ದಂಪತಿ ನಡೆಸುತ್ತಾರೆ. ಮಾಮೂಲಿ ಸ್ಯಾಂಪಲ್‌ನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಬಂತು. ಕೋಲಿಫಾರ್ಮ್ ಬಂದ ಮಾತ್ರಕ್ಕೆ ನೀರು ವಿಷವೆಂದಲ್ಲ. ಹೊರಗಿನದ್ದೇನೋ ಒಳಗೆ ಬರುವ ದಾರಿ ಇದೆ ಎಂದು ಅರ್ಥ. 24 ಗಂಟೆಯೊಳಗೆ ಇನ್ನೂ 3 ಸ್ಯಾಂಪಲ್ ತೆಗೆಯಬೇಕು, ಬಾವಿಯ ನೀರನ್ನು ಬೇರೆಯೇ ಪರೀಕ್ಷಿಸಬೇಕು. ಮಲದಿಂದ ಬರುವ ಇ. ಕೋಲೈ ಬ್ಯಾಕ್ಟೀರಿಯಾ ಖಚಿತವಾದರೆ ಮತ್ತೆ 24 ಗಂಟೆಯೊಳಗೆ ಗಿರಾಕಿಗಳಿಗೆಲ್ಲ ತಿಳಿಸಬೇಕು. ಅದೃಷ್ಟಕ್ಕೆ ಇ. ಕೋಲೈ ಇರಲಿಲ್ಲ. ಕ್ಲೋರಿನ್ ಹಾಕಿದರು, ಸ್ಯಾಂಪಲ್ ಸರಿಯಾಯಿತು. ಕೆಲವು ವಾರ ಕಳೆದು ಮತ್ತೆ ಕೋಲಿಫಾರ್ಮ್.

ಕ್ಲೋರಿನ್ ಹಾಕುತ್ತಾ ಕುಳಿತರೆ ಫೈಲಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಾನು ಮೂರನೇ ಸಲ ಹೋದೆ. ಸ್ಪ್ಯಾನರ್ ತರಿಸಿ ಕೇಸಿಂಗ್ ಪೈಪಿನ ಮುಚ್ಚಳ ಬಿಚ್ಚಿಸಿದೆ. ಹಳೆ ಕಾಲದ, ರಬ್ಬರ್ ಸೀಲ್ ಇಲ್ಲದ ಮುಚ್ಚಳ. ಒಳಗೆ ಇಯರ್‌ವಿಗ್ ಎಂಬ ಕಂದು ಹುಳಗಳು ಗೂಡು ಕಟ್ಟಿದ್ದವು. ಅವು ಸತ್ತು ಬೀಳುತ್ತಿದ್ದದ್ದು ನೇರ ಬಾವಿಗೆ. ಸೀಲ್ ಇರುವ ಹೊಸ ಮುಚ್ಚಳ ಹಾಕಿಸಿದ ಮೇಲೆ ತೊಂದರೆ ನಿಂತಿತು. ಮೂರು ಭೇಟಿ, ಹತ್ತಾರು ಫೋನು, ಹೆದರಿದ್ದ ಅಜ್ಜಿಗೆ "ನಿಮ್ಮ ಹೋಟೆಲು ಮುಚ್ಚಿಸಲು ಬಂದಿಲ್ಲಮ್ಮ" ಎಂದು ಸಮಾಧಾನ. ಇಷ್ಟಕ್ಕೂ ಕರಾರಿನಲ್ಲಿ ಸಾಲಿಲ್ಲ. ಇಂಥ ಮರುಭೇಟಿಗೂ ರಾಜ್ಯ ದುಡ್ಡು ಕಟ್ಟಬೇಕು ಎಂದು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತಲೇ ಬಂದಿದ್ದೇನೆ. ದುಡ್ಡಿಲ್ಲದ ಕಡೆ ಮರುಭೇಟಿಯೇ ಮೊದಲು ನಿಲ್ಲುವುದು, ಅಲ್ವಾ?

ಚಿಕ್ಕಂದಿನಲ್ಲಿ ನಮ್ಮೂರಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಲು ಆರೋಗ್ಯ ಇಲಾಖೆಯವರೊಬ್ಬರು ಸೈಕಲ್ಲಿನಲ್ಲಿ ಬರುತ್ತಿದ್ದರು. ಯಾವ ಬಾವಿಯ ಕಟ್ಟೆ ಬಿರುಕು ಬಿಟ್ಟಿದೆ ಎಂಬುದು ಅವರಿಗೆ ಬಾಯಿಪಾಠ. ಕೆಲಸವನ್ನು ಊರಿನವರ ಕೈಗೆ ಕೊಡುವುದರ ಲಾಭ ಅದೇ. ಇಲ್ಲಿ ಮಿಷಿಗನ್‌ನಲ್ಲಿ, 2018ರ ಜುಲೈನಲ್ಲಿ ಪಾರ್ಚ್‌ಮೆಂಟ್ ಎಂಬ ಊರಿನ ನಲ್ಲಿ ನೀರಿನಲ್ಲಿ ಪಿಫಾಸ್ ಎಂಬ, ಸುಲಭಕ್ಕೆ ನಾಶವಾಗದ ಕಾರ್ಖಾನೆ ರಾಸಾಯನಿಕ ಸಿಕ್ಕಾಗ, ರಾಜ್ಯದವರ ಜೊತೆ ಕೌಂಟಿಯವರೂ ನಿಂತು "ಈ ನೀರು ಕುಡಿಯಬೇಡಿ" ಎಂದು ಜನರಿಗೆ ಹೇಳಬೇಕಾಯಿತು. ಆಗ ರಾಜ್ಯದಲ್ಲಿ ನಲ್ಲಿ ನೀರಿನ ಪಿಫಾಸ್‌ಗೆ ಮಿತಿಯೇ ಇರಲಿಲ್ಲ. ಅಂಥ 7 ರಾಸಾಯನಿಕಗಳಿಗೆ ಮಿತಿ ಬಂದದ್ದು 2020ರ ಆಗಸ್ಟ್‌ನಲ್ಲಿ. ಹೊಸ ಅಪಾಯ ಮೊದಲು ಬರುತ್ತದೆ, ಕರಾರಿನ ಸಾಲು ಆಮೇಲೆ ಬರುತ್ತದೆ. ನಡುವಿನ ದಿನಗಳಲ್ಲಿ ಫೋನ್ ಎತ್ತುವವರು ಸ್ಥಳೀಯರೇ.

ಗೆಳೆಯರ ಪ್ರಶ್ನೆಗೆ ಉತ್ತರ ಇಷ್ಟು. ಬಾವಿಯ ಮೊದಲ ಹೊಣೆ ಮಾಲೀಕರದು. ನೋಡಿ ಎಚ್ಚರಿಸುವ ಹೊಣೆ ನಮ್ಮದು. ನಾವು ನೋಡುತ್ತಿದ್ದೇವೆಯೇ ಎಂದು ನೋಡುವ ಹೊಣೆ ರಾಜ್ಯದ್ದು.

ಮನೆಯ ಸೆಪ್ಟಿಕ್ ಮಾತ್ರ ಬೇರೆ ಕಥೆ. ಮಿಷಿಗನ್‌ನಲ್ಲಿ ಅದಕ್ಕೆ ರಾಜ್ಯಕ್ಕೆಲ್ಲ ಒಂದೇ ನಿಯಮ ಎಂಬುದಿಲ್ಲ. ಒಂದೊಂದು ಕೌಂಟಿಯದು ಒಂದೊಂದು ರೀತಿ. ವಾಷ್ಟೆನಾ ಕೌಂಟಿಯಲ್ಲಿ 2000ದಿಂದ ಮನೆ ಮಾರುವಾಗ ಬಾವಿ, ಸೆಪ್ಟಿಕ್ ಎರಡನ್ನೂ ಪರೀಕ್ಷಿಸಲೇಬೇಕು. ಬ್ಯಾರಿ ಮತ್ತು ಈಟನ್ ಕೌಂಟಿಗಳು 2007ರಲ್ಲಿ ಅಂಥದೇ ನಿಯಮ ತಂದು, ಜನರ ವಿರೋಧ ಜಾಸ್ತಿಯಾಗಿ 2018ರಲ್ಲಿ ಕೈಬಿಟ್ಟವು. ನನಗೆ ಅದು ಬೇಸರದ ಸಂಗತಿ. ಕೆಟ್ಟ ಸೆಪ್ಟಿಕ್‌ನ ನೀರು ಕೌಂಟಿಯ ಗಡಿ ನೋಡಿಕೊಂಡು ಹರಿಯುವುದಿಲ್ಲ.

ನಮ್ಮವರು ಈಗ ಪಟ್ಟಣ ಬಿಟ್ಟು ದೊಡ್ಡ ಜಾಗದ ಮನೆಗಳಿಗೆ ಹೋಗುತ್ತಿದ್ದಾರೆ. ಅಡುಗೆಮನೆ ನೋಡುತ್ತಾರೆ, ಶಾಲೆ ನೋಡುತ್ತಾರೆ, ಬಾವಿ ಕೇಳುವುದಿಲ್ಲ. ಸೆಪ್ಟಿಕ್‌ನಿಂದ ಬಾವಿ ಕಡೇ ಪಕ್ಷ 50 ಅಡಿ ದೂರ ಇರಬೇಕು. ಗೊಬ್ಬರ, ಸೆಪ್ಟಿಕ್‌ಗಳಿಂದ ನೀರಿಗೆ ಸೇರುವ ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ದಾಟಬಾರದು. ಮನೆಯಲ್ಲಿ ಹಾಲುಗೂಸು ಇದ್ದು ಬಾಟಲಿ ಹಾಲು ಕಲಸುವುದಾದರೆ ಇದನ್ನು ಖಂಡಿತ ಪರೀಕ್ಷೆ ಮಾಡಿಸಿ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಮನೆ ಕೊಳ್ಳುವ ಕರಾರಿಗೆ ಸಹಿ ಹಾಕುವ ಮೊದಲು ಆ ಕೌಂಟಿಯ ಆರೋಗ್ಯ ಇಲಾಖೆಗೆ ಒಂದು ಫೋನ್ ಮಾಡಿ. ವಿಳಾಸ ಹೇಳಿದರೆ, ಬಾವಿ ಕೊರೆದ ದಾಖಲೆ, ಸೆಪ್ಟಿಕ್ ಹಾಕಿದ ನಕ್ಷೆ ಇದ್ದರೆ ಹುಡುಕಿ ಕೊಡುತ್ತಾರೆ.