ಬಾಡಿಗೆ ಕರಾರಿನ ಒಂದು ಸಾಲು, ಮೂರನೇ ಮಹಡಿಯ ಬೆಕ್ಕು

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪಲುಗಳಲ್ಲಿ ಬಾಡಿಗೆಗೆ ಫ್ಲ್ಯಾಟ್ ಹುಡುಕುವವರಿಗೆ ಮೂರು ಪ್ರಶ್ನೆ ತಪ್ಪಿದ್ದಲ್ಲ: ಮನೆಯಲ್ಲಿ ಎಷ್ಟು ಜನ, ಎಲ್ಲಿ ಕೆಲಸ, ನಾಯಿ ಬೆಕ್ಕು ಏನಾದರೂ ಇದೆಯೇ. ಮೊದಲ ಎರಡಕ್ಕೆ ಎಲ್ಲರೂ ನಿಜವನ್ನೇ ಹೇಳುತ್ತಾರೆ. ಮೂರನೆಯದಕ್ಕೆ ಸಿಗುವ ಉತ್ತರದಿಂದ ಆರು ತಿಂಗಳ ನಂತರ ಜಗಳ ಹುಟ್ಟುತ್ತದೆ. ಆಗ ಮಾಲೀಕರು ಕರಾರು ಪತ್ರ ತೋರಿಸುತ್ತಾರೆ, ಬೆಕ್ಕಿನವರು ಮೊಬೈಲಿನಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ ಸುತ್ತೋಲೆ ತೋರಿಸುತ್ತಾರೆ, ಕೆಳಮನೆಯವರು ಮೂಗು ತೋರಿಸುತ್ತಾರೆ. ಮೂವರ ಮಾತಿನಲ್ಲೂ ಒಂದಿಷ್ಟು ಹುರುಳಿದೆ. ಅದಕ್ಕೇ ಈ ವ್ಯಾಜ್ಯ ಬೇಗ ಬಗೆಹರಿಯುವುದಿಲ್ಲ.

ಕೊಡಗಿನಲ್ಲಿ ಬೆಕ್ಕಿಗೆ ಅನುಮತಿ ಕೇಳುವ ಪದ್ಧತಿಯೇ ಹೊಸದು. ಐನ್‌ಮನೆಯ (ಕೊಡವ ಕುಲದ ಮೂಲಮನೆಯ) ಪತ್ತಾಯದಲ್ಲಿ, ಅಂದರೆ ಕಣಜದಲ್ಲಿ, ಭತ್ತ, ಅಟ್ಟದಲ್ಲಿ ಏಲಕ್ಕಿ ಇದ್ದ ಕಾಲದಲ್ಲಿ ಇಲಿ ಕಾಯುವ ಕೆಲಸ ಬೆಕ್ಕಿನದಾಗಿತ್ತು. ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಒಂದೇ ಬೆಕ್ಕು ನಾಲ್ಕು ಬಾಗಿಲಲ್ಲಿ ಉಂಡು ಯಾರ ಮನೆಯದೂ ಆಗದೆ ಬದುಕುತ್ತಿತ್ತು. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಕಾಫಿ ದರ ಏರಿತು, ಇಳಿಯಿತು, ಮಕ್ಕಳು ಬೆಂಗಳೂರಿಗೆ ಹೋದರು, ಪಟ್ಟಣದ ಹಳೆಯ ಹೆಂಚಿನ ಮನೆಗಳ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡಗಳು ಎದ್ದವು. ಬೆಕ್ಕೂ ಮೆಟ್ಟಿಲು ಹತ್ತಿತು.

ಕಾನೂನು ಇದಕ್ಕಿಂತ ಮೊದಲೇ ಹೊರಟಿತ್ತು. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿ, ಸರ್ಕಾರವೇ ಕಾಯ್ದೆ ತರುವುದಾಗಿ ಹೇಳಿದ ಮೇಲೆ ಅದನ್ನು ಹಿಂಪಡೆದರು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಲ್ಲಿ ಬಂತು. ಅದರ ಅಡಿಯಲ್ಲಿ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಯಾಗಿ, ಅರುಂಡೇಲ್ ಅವರೇ ಮೊದಲ ಅಧ್ಯಕ್ಷರಾದರು. ಈ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸಕಾರಣವಿಲ್ಲದೆ ಪ್ರಾಣಿಯೊಂದನ್ನು ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ತೊರೆದು ಹೋಗುವುದು ಅಪರಾಧ. ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಯಾವುದೋ ತೋಟದ ಗೇಟಿನ ಬಳಿ ಬಿಟ್ಟು ಬರುವ ನಮ್ಮ ಹಳೆಯ ರೂಢಿಯೂ ಇದರೊಳಗೆ ಬರುತ್ತದೆ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಚೀಲಕ್ಕೇ ಅದಕ್ಕಿಂತ ಹೆಚ್ಚು ಖರ್ಚಾದೀತು. ವಿಷವಿಟ್ಟರೆ ಮಾತ್ರ ವಿಷಯ ಬೇರೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಅಪಾರ್ಟ್‌ಮೆಂಟಿನ ಕಾನೂನು ಬೇರೆ ದಾರಿಯಲ್ಲಿ ಬಂದದ್ದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು. ಅದರ ಜೊತೆಗಿನ ಮಾದರಿ ಉಪವಿಧಿಗಳಲ್ಲಿ (ಬೈಲಾಗಳಲ್ಲಿ) ಸಾಕುಪ್ರಾಣಿಗಳ ಪ್ರಸ್ತಾಪವಿದೆ, ನಿಷೇಧವಿಲ್ಲ. ರೇಡಿಯೊ, ವಾದ್ಯಗಳ ಸದ್ದಿನಿಂದ ನೆರೆಯವರಿಗೆ ತೊಂದರೆ ಕೊಡಬಾರದು ಎಂದು ಹೇಳುವ ಕಡೆಯಲ್ಲೇ, ಪ್ರಾಣಿ ಸಾಕುವವರು ಪುರಸಭೆಯ ನೈರ್ಮಲ್ಯ ನಿಯಮಗಳನ್ನು ಪಾಲಿಸಬೇಕು ಎಂದಿದೆ. ಅಂದರೆ ಫ್ಲ್ಯಾಟಿನಲ್ಲಿ ಪ್ರಾಣಿ ಇರುತ್ತದೆ ಎಂದು ಒಪ್ಪಿಕೊಂಡೇ ನಿಯಮ ಬರೆದಿದ್ದಾರೆ. ಇದನ್ನು ಓದಿದ ಸಂಘಗಳು ಎಷ್ಟಿವೆಯೋ. ಕೆಲವು ಸಂಘಗಳು 1972ರ ಕಾಯ್ದೆಯಡಿ ಇವೆ, ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ, ಇನ್ನು ಕೆಲವಕ್ಕೆ ವಾಟ್ಸ್‌ಆ್ಯಪ್ ಗುಂಪೇ ನೋಂದಣಿ ಕಚೇರಿ.

ಹಾಗಾದರೆ ನಿಷೇಧ ಬಂದದ್ದು ಎಲ್ಲಿಂದ? ಕೊಡಗಿನ ಮಟ್ಟಿಗೆ ಅದು ಹೆಚ್ಚಾಗಿ ಬಾಡಿಗೆ ಕರಾರಿನಿಂದ ಬಂದಿದೆ. ಇಲ್ಲಿ ಅಪಾರ್ಟ್‌ಮೆಂಟ್ ಎಂದು ಕರೆಸಿಕೊಳ್ಳುವ ಅನೇಕ ಕಟ್ಟಡಗಳಿಗೆ ಒಬ್ಬರೇ ಮಾಲೀಕರು. ಅಲ್ಲಿ ಸಂಘವೂ ಇಲ್ಲ, ಉಪವಿಧಿಯೂ ಇಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಆ ಖರ್ಚು ಮತ್ತು ಓಡಾಟ ತಪ್ಪಿಸಲು ಎಲ್ಲರೂ 11 ತಿಂಗಳ ಕರಾರು ಮಾಡಿಕೊಳ್ಳುತ್ತಾರೆ. ಬೆರಳಚ್ಚು ಮಾಡುವವರ ಕಂಪ್ಯೂಟರಿನಲ್ಲಿ ಮೈಸೂರಿನದೋ ಬೆಂಗಳೂರಿನದೋ ಹಳೆಯ ನಮೂನೆ ಸಿದ್ಧವಿರುತ್ತದೆ, ಹೆಸರು ಮತ್ತು ಮೊತ್ತ ಬದಲಿಸಿದರೆ ಮುಗಿಯಿತು. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ, ಒಳಬಾಡಿಗೆಗೆ ಕೊಡತಕ್ಕದ್ದಲ್ಲ ಎಂಬುದರ ಕೆಳಗೆ ‘ಸದರಿ ಸ್ವತ್ತಿನಲ್ಲಿ ಸಾಕುಪ್ರಾಣಿಗಳನ್ನು ಸಾಕತಕ್ಕದ್ದಲ್ಲ’ ಎಂದೂ ಇರುತ್ತದೆ. ಸಹಿ ಹಾಕುವ ದಿನ ಇಬ್ಬರ ಗಮನವೂ ಅಡ್ವಾನ್ಸ್ ಮೊತ್ತದ ಮೇಲೆ. ಈ ಸಾಲನ್ನು ಮೊದಲು ಬರೆದವರಿಗೆ ಲಿಫ್ಟಿನಲ್ಲಿ ಗುರುಗುಟ್ಟುವ ನಗರದ ನಾಯಿ ಕಣ್ಣ ಮುಂದಿದ್ದಿರಬೇಕು. ಹೊಸಿಲು ದಾಟದ ಬೆಕ್ಕೂ ಅದರಡಿಗೆ ಬಂತು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಸುತ್ತ ಗುಡ್ಡ ಕುಸಿಯಿತು. 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಮತ್ತು ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿತು. ಮನೆ ಕಳೆದುಕೊಂಡವರು, ಇರುವ ಮನೆಯಲ್ಲಿ ಮಳೆಗಾಲ ಕಳೆಯಲು ಹೆದರಿದವರು ಪಟ್ಟಣಕ್ಕೆ ಬಾಡಿಗೆಗೆ ಬಂದರು. ಹಸುವನ್ನು ನೆಂಟರ ಕೊಟ್ಟಿಗೆಗೆ ಕಳಿಸಬಹುದು, ನಾಯಿಯನ್ನು ತೋಟದಲ್ಲಿ ಬಿಟ್ಟು ದಿನಕ್ಕೊಮ್ಮೆ ಅನ್ನ ಹಾಕಿ ಬರಬಹುದು. ಚಿರತೆ ಓಡಾಡುವ ಕಡೆಗಳಲ್ಲಿ ಅದಕ್ಕೂ ಧೈರ್ಯ ಬೇಕು. ಬೆಕ್ಕು ಬುಟ್ಟಿಯಲ್ಲಿ ಕುಳಿತು ಜೊತೆಗೇ ಬಂತು. ಆ ದಿನಗಳಲ್ಲಿ ಬಾಗಿಲು ತೆರೆದ ಮಾಲೀಕರು ಕರಾರಿನ ಮಾತೆತ್ತಲಿಲ್ಲ, ಎಷ್ಟೋ ಮಂದಿ ಬಾಡಿಗೆಯ ಮಾತನ್ನೂ ಎತ್ತಲಿಲ್ಲ. ವರ್ಷ ಕಳೆದು ಕಾಗದ ಆಗಬೇಕಾದಾಗ ಅದೇ ನಮೂನೆ ಬಂತು, ಅದರ ಜೊತೆ ಆ ಸಾಲೂ ಬಂತು.

ಇದೇ ವರ್ಷಗಳಲ್ಲಿ ಪಟ್ಟಣದ ಫ್ಲ್ಯಾಟುಗಳು ದಿನಬಾಡಿಗೆಗೆ ತಿರುಗತೊಡಗಿ, ಪ್ರವಾಸಿಗರ ದೂರುಗಳೂ ಮಾಲೀಕರ ಕಿವಿಗೆ ಬೀಳತೊಡಗಿದವು. ವಿಚಿತ್ರವೆಂದರೆ ಜಿಲ್ಲೆಯ ಎಷ್ಟೋ ಹೋಂಸ್ಟೇಗಳು ತಮ್ಮಲ್ಲಿ ಸಾಕುಪ್ರಾಣಿಗಳಿಗೆ ಸ್ವಾಗತ ಎಂದು ಜಾಹೀರಾತು ಕೊಡುತ್ತವೆ. ವಾರಾಂತ್ಯಕ್ಕೆ ಕಾರಿನಲ್ಲಿ ಬರುವ ಬೆಂಗಳೂರಿನ ನಾಯಿಗೆ ಇಲ್ಲಿ ಹಾಸಿಗೆ ಸಿಗುತ್ತದೆ. ಮಕ್ಕಂದೂರಿನ ಬೆಕ್ಕಿಗೆ ಮಡಿಕೇರಿಯಲ್ಲಿ ಮನೆ ಸಿಗುವುದಿಲ್ಲ.

ನಿಷೇಧವಿದೆ ಎಂದು ಬೆಕ್ಕು ಬಿಟ್ಟವರು ಕಡಿಮೆ, ಬಚ್ಚಿಟ್ಟವರೇ ಹೆಚ್ಚು. ಬಚ್ಚಿಟ್ಟ ಬೆಕ್ಕಿನ ಮನೆ ಹೇಗಿರುತ್ತದೆ ನೋಡಿ. ರಸ್ತೆ ಕಡೆಯ ಕಿಟಕಿಗೆ ಹಗಲಲ್ಲೂ ಪರದೆ. ಬಾಲ್ಕನಿಗೆ ಬಲೆ ಕಟ್ಟಿದರೆ ಗುಟ್ಟು ಬಯಲಾಗುತ್ತದೆಂದು ಬಾಲ್ಕನಿಯ ಬಾಗಿಲೇ ಬಂದ್. ಮಲಕ್ಕೆ ಟ್ರೇಯಲ್ಲಿ ಮಿಲ್ಲಿನಿಂದ ತಂದ ಮರದ ಹೊಟ್ಟು. ಬೇಸಿಗೆಯಲ್ಲಿ ಇದು ನಡೆಯುತ್ತದೆ. ಜುಲೈ ಬಂತೆಂದರೆ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದ ಊರಿನಲ್ಲಿ ಹೊಟ್ಟು ಚೀಲದಲ್ಲೇ ತೇವ ಎಳೆದು ಮುಗ್ಗುಲು ಹಿಡಿಯುತ್ತದೆ. ಆಗ ಅಂಗಡಿಯಿಂದ ಬೆಂಟೋನೈಟ್ ಜೇಡಿಯ ಬೆಕ್ಕಿನ ಮರಳು ಬರುತ್ತದೆ. ಅದನ್ನು ಪೌರಕಾರ್ಮಿಕರ ಗಾಡಿಗೆ ಹಾಕಿದರೆ ಪಕ್ಕದ ಮನೆಯವರು ನೋಡಿಯಾರು ಎಂದು ಕೆಲವರು ಶೌಚಾಲಯಕ್ಕೆ ಸುರಿದು ನೀರು ಬಿಡುತ್ತಾರೆ. ಬೆಂಟೋನೈಟಿನ ಗುಣವೇ ನೀರು ಕುಡಿದು ಊದಿಕೊಂಡು ಗಟ್ಟಿಯಾಗುವುದು. ಪೈಪು ಕಟ್ಟುತ್ತದೆ, ಕೆಳಮನೆಯ ಬಚ್ಚಲಲ್ಲಿ ನೀರು ಉಕ್ಕುತ್ತದೆ, ಪ್ಲಂಬರ್ ಕೈ ಹಾಕಿದಾಗ ಬೂದುಬಣ್ಣದ ಮುದ್ದೆ ಹೊರಬರುತ್ತದೆ. ಅಲ್ಲಿಗೆ ಗುಟ್ಟು ರಟ್ಟು.

ಬುಟ್ಟಿ ಹಿಡಿದು ಮೆಟ್ಟಿಲಿಳಿದರೆ ಸಿಕ್ಕಿಬೀಳುವ ಭಯಕ್ಕೆ ಪಶುವೈದ್ಯರ ಭೇಟಿಯೂ ಮುಂದಕ್ಕೆ ಹೋಗುತ್ತದೆ. ರೇಬೀಸ್ ಲಸಿಕೆ ತಪ್ಪುತ್ತದೆ. ಐದಾರು ತಿಂಗಳ ಪ್ರಾಯದಲ್ಲಿ ಆಗಬೇಕಿದ್ದ ಸಂತಾನಹರಣ ಶಸ್ತ್ರಚಿಕಿತ್ಸೆಯೂ ತಪ್ಪುತ್ತದೆ. ಪ್ರಾಯಕ್ಕೆ ಬಂದ ಗಂಡುಬೆಕ್ಕು ಗೋಡೆ ಮೂಲೆಗೆ ಮೂತ್ರ ಚಿಮ್ಮಿಸುತ್ತದೆ. ಆ ವಾಸನೆ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಹೆಣ್ಣಾದರೆ ರಾತ್ರಿಯಿಡೀ ಕೂಗು, ತಪ್ಪಿಸಿಕೊಂಡು ಹೋಗಿ ಬಂದರೆ ಒಂಬತ್ತು ವಾರಕ್ಕೆ ಮರಿಗಳು. ಯಾವ ತೊಂದರೆ ಬೇಡವೆಂದು ನಿಷೇಧ ಹಾಕಿದರೋ ಅದನ್ನು ನಿಷೇಧವೇ ತಂದಿಡುತ್ತದೆ. ನಂತರದ ಸಭೆಯಲ್ಲಿ ಅದನ್ನೇ ತೋರಿಸಿ ನಿಯಮವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ.

ಕೆಳಮನೆಯವರ ದೂರುಗಳನ್ನು ಹುಸಿ ಎನ್ನಲಾಗದು. ಬೆಕ್ಕಿನ ಅಲರ್ಜಿ ನಿಜವಾದ ಕಾಯಿಲೆ. ಅದಕ್ಕೆ ಕಾರಣವಾಗುವ ಪ್ರೋಟೀನ್ ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುತ್ತದೆ, ಉಬ್ಬಸದವರಿಗೆ ಕಷ್ಟ ಕೊಡುತ್ತದೆ. ಬಸುರಿ ಇರುವ ಮನೆಯಲ್ಲಿ ಟಾಕ್ಸೊಪ್ಲಾಸ್ಮಾ ಭಯ ಏಳುತ್ತದೆ. ಈ ರೋಗಾಣು ಬೇಯದ ಮಾಂಸ, ತೊಳೆಯದ ತರಕಾರಿ, ಮಣ್ಣಿನಿಂದಲೂ ಬರುತ್ತದೆ. ಹಸಿ ಮಾಂಸ ತಿನ್ನದ, ಹೊರಗೆ ಬೇಟೆಯಾಡದ ಬೆಕ್ಕಿನಿಂದ ಅಪಾಯ ತೀರಾ ಕಡಿಮೆ. ಮಲದೊಂದಿಗೆ ಹೊರಬಂದ ರೋಗಾಣು ಸೋಂಕು ತಗುಲಿಸುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕಾದ್ದರಿಂದ, ಟ್ರೇಯನ್ನು ದಿನವೂ ಬೇರೆಯವರು ಶುಚಿ ಮಾಡಿದರೆ ಸಾಕು. ಇಷ್ಟನ್ನು ಎದುರು ಕುಳಿತು ಮಾತನಾಡಬೇಕಾದರೆ ಬೆಕ್ಕು ಇದೆ ಎಂದು ಮೊದಲು ಒಪ್ಪಿಕೊಳ್ಳಬೇಕು.

ಇನ್ನು ಎಲ್ಲರೂ ಮೊಬೈಲಿನಲ್ಲಿ ಹಿಡಿದು ತಿರುಗುವ ಸುತ್ತೋಲೆ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಅದು. ಬಹುಮತದ ನಿರ್ಣಯದಿಂದಲೂ ಉಪವಿಧಿ ತಿದ್ದಿಯೂ ನಿವಾಸಿಗಳ ಸಂಘವು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎನ್ನುತ್ತದೆ. ಅದು ಬರೆದದ್ದು ಮುಖ್ಯವಾಗಿ ನಾಯಿಗಳನ್ನು ಕುರಿತು, ಸಂಘಗಳನ್ನು ಉದ್ದೇಶಿಸಿ. ಒಬ್ಬ ಮಾಲೀಕ ಮತ್ತು ಒಬ್ಬ ಬಾಡಿಗೆದಾರನ ನಡುವಿನ ಕರಾರಿಗೆ ಅದನ್ನು ನೇರವಾಗಿ ಅಂಟಿಸುವುದು ಕಷ್ಟ. 2018ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಫ್ಲ್ಯಾಟಿಗೊಂದೇ ನಾಯಿ ಎಂಬ ನಿಯಮ ತರಹೋಗಿ ಪ್ರತಿಭಟನೆ ಎದುರಿಸಿದ್ದೂ ನಾಯಿಯ ಕಥೆಯೇ.

ಬೆಕ್ಕು ನ್ಯಾಯಾಲಯದ ಗಮನಕ್ಕೆ ಬಂದದ್ದು ನೆರೆಯ ಕೇರಳದಲ್ಲಿ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ತನ್ನ ಮೂರು ಬೆಕ್ಕುಗಳಿಗೆ ಆಹಾರ ತರಲು ಪಾಸ್ ಸಿಗದ ಸಸ್ಯಾಹಾರಿ ವ್ಯಕ್ತಿಯೊಬ್ಬರು ಕೇರಳ ಹೈಕೋರ್ಟಿಗೆ ಹೋದರು. ನ್ಯಾಯಾಲಯ ಅವರ ಪರ ನಿಂತಿತು. 2021ರ ನವೆಂಬರ್‌ನಲ್ಲಿ ಅದೇ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಸಾಕುಪ್ರಾಣಿಗಳನ್ನು ಸಂಪೂರ್ಣವಾಗಿ ನಿಷೇಧಿಸುವ ಉಪವಿಧಿ ಮತ್ತು ಒಪ್ಪಂದದ ಷರತ್ತುಗಳು ಅಸಿಂಧು ಎಂದಿತು. ನೆರೆಯವರ ನೆಮ್ಮದಿಗಾಗಿ ಸಮಂಜಸ ಷರತ್ತು ಹಾಕುವುದಕ್ಕೆ ಅದು ಅಡ್ಡಿ ಮಾಡಲಿಲ್ಲ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಗಡಿ ದಾಟಿದರೆ ಆ ತೀರ್ಪಿನ ಬಲ ಸಿಗುತ್ತದೆ. ಘಾಟಿಯ ಈಚೆಗೆ ಅದು ವಕೀಲರು ವಾದದಲ್ಲಿ ಉಲ್ಲೇಖಿಸಬಹುದಾದ ತೀರ್ಪು, ನಮ್ಮ ನ್ಯಾಯಾಲಯಗಳು ಪಾಲಿಸಲೇಬೇಕಾದದ್ದಲ್ಲ.

ಹೀಗಾಗಿ ಸ್ವಂತ ಫ್ಲ್ಯಾಟಿನವರ ಕೈ ಗಟ್ಟಿ, ಬಾಡಿಗೆದಾರರ ಕೈ ಸಡಿಲ. ಹನ್ನೊಂದನೇ ತಿಂಗಳಲ್ಲಿ ಕರಾರು ಮುಂದುವರಿಸದಿದ್ದರೆ ಮಾಲೀಕರು ಕಾರಣವನ್ನೂ ಹೇಳಬೇಕಿಲ್ಲ. ಕೋರ್ಟಿಗೆ ಹೋಗುವ ಬದಲು ಚೌಕಾಸಿಗೆ ಕೂರುವವರೇ ಹೆಚ್ಚು ಗೆದ್ದಿದ್ದಾರೆ: ಬೆಕ್ಕು ಮನೆಯೊಳಗೇ ಇರುವುದು, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಪುಸ್ತಕ ತೋರಿಸುವುದು, ಮರಳನ್ನು ಕಟ್ಟಿ ಕಸದ ಗಾಡಿಗೇ ಕೊಡುವುದು, ಪೈಪು ಕಟ್ಟಿದರೆ ಖರ್ಚು ಭರಿಸುವುದು. ಆದರೆ ಇದನ್ನು ಬಾಯಿಮಾತಿನಲ್ಲಿ ಬಿಡಬಾರದು. ನಮ್ಮಲ್ಲಿ ‘ಇರಲಿ ಬಿಡಿ, ಬೆಕ್ಕು ತಾನೇ’ ಎಂದು ಒಪ್ಪುವ ಹಿರಿಯ ಮಾಲೀಕರಿಗೆ ಬರವಿಲ್ಲ. ಮುಂದಿನ ವರ್ಷ ಬಾಡಿಗೆಯ ವ್ಯವಹಾರ ಬೆಂಗಳೂರಿನಲ್ಲಿರುವ ಮಗನ ಕೈಗೆ ಹೋದಾಗ ಆ ಮಗನ ಮುಂದಿರುವುದು ಆ ನಮೂನೆಯ ಕಾಗದ ಮಾತ್ರ.